ಲೈಕಾ ಬಂತು, ಲೆನ್ಸ್ ಯಾವುದು?

ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡವರ ನಿಜವಾದ ತಲೆನೋವು ಶುರುವಾಗೋದು ಬಾಡಿ ಮನೆಗೆ ಬಂದ ಮಾರನೇ ದಿನ. ಉಳಿಸಿದ ದುಡ್ಡೆಲ್ಲ ಬಾಡಿಗೆ ಹೋಗಿರುತ್ತೆ. ಕೈಯಲ್ಲಿರೋದು ಚೆಂದದ ಲೋಹದ ಡಬ್ಬ, ಮುಂದೆ ಒಂದು ತೂತು. ಅದಕ್ಕೆ ಹಾಕೋ ಕಂಪನಿಯದೇ ಹೊಸ ಲೆನ್ಸಿನ ಬೆಲೆ ನೋಡಿದರೆ ಲಕ್ಷಗಳಲ್ಲಿ!

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಈಗ ಇದೇ ಸ್ಥಿತಿಯಲ್ಲಿದ್ದಾನೆ. ಸೆಕೆಂಡ್ ಹ್ಯಾಂಡ್ ಲೈಕಾ ಎಂ240 ಕೊಂಡಿದ್ದಾನೆ. ಲೆನ್ಸಿಗೆ ಐವತ್ತು ಸಾವಿರ ಇಟ್ಟಿದ್ದಾನೆ. “ಒಂದೇ ಒಂದು ಹೇಳು ಮಾರಾಯ, ಆಮೇಲೆ ಎರಡು ವರ್ಷ ನಾನು ಈ ವಿಷಯಕ್ಕೆ ಬರಲ್ಲ” ಅಂದ. ಎರಡು ವರ್ಷದ ಮಾತು ನಾನು ನಂಬಲಿಲ್ಲ. ಆದರೆ ಪ್ರಶ್ನೆ ಒಳ್ಳೇದು. ಕಡಿಮೆ ದುಡ್ಡಲ್ಲಿ ಒಂದೇ ಲೆನ್ಸ್ ಆರಿಸಬೇಕು ಅಂದಾಗ ಮಾತ್ರ ನಾವು ಏನನ್ನು ತೆಗೀಬೇಕು ಅಂತಿದ್ದೀವಿ ಅನ್ನೋದು ನಮಗೇ ಗೊತ್ತಾಗುತ್ತೆ.

ಮೊದಲು, ಇದು ಏನಲ್ಲ

ರೇಂಜ್‌ಫೈಂಡರಿನಲ್ಲಿ ನೀವು ಲೆನ್ಸ್ ಮೂಲಕ ನೋಡುವುದಿಲ್ಲ. ಪಕ್ಕದ ಒಂದು ಪುಟ್ಟ ಕಿಟಕಿಯಿಂದ ನೋಡುತ್ತೀರಿ. ಅದರ ನಡುವೆ ಒಂದು ಮಸುಕು ಚೌಕ, ಅಲ್ಲಿ ಎರಡು ಬಿಂಬ. ಲೆನ್ಸಿನ ರಿಂಗ್ ತಿರುಗಿಸಿ ಎರಡೂ ಒಂದಾದರೆ ಫೋಕಸ್ ಆಯ್ತು. ಆಟೋಫೋಕಸ್ ಇಲ್ಲ, ಝೂಮ್ ಇಲ್ಲ. ಕಿಟಕಿಯಲ್ಲಿ ಕಾಣುವ ಬೆಳಕಿನ ಗೆರೆಗಳು 28ರಿಂದ 135 ಮಿಲಿಮೀಟರ್‌ವರೆಗಿನ ಲೆನ್ಸ್‌ಗಳಿಗೆ ಮಾತ್ರ. 135ಕ್ಕೆ ಬರುವಷ್ಟರಲ್ಲಿ ಆ ಚೌಕಟ್ಟು ಅಂಚೆ ಚೀಟಿಯಷ್ಟಾಗಿರುತ್ತೆ.

ಇದನ್ನು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ಕುದಾಪುರದಲ್ಲಿ ಕ್ಯಾಮೆರಾ ಹಿಡಿದವರಿಗೆ ಮೊದಲ ಆಸೆಯೇ ಕೃಷ್ಣಮೃಗ. ಹುಲ್ಲುಗಾವಲಿನ ನಾಡು ಅದು. ನಮ್ಮ ರಾಜ್ಯದ ಫೋಟೋಗ್ರಫಿಯ ದೊಡ್ಡ ಹೆಸರುಗಳಲ್ಲಿ ಹಲವರು ವನ್ಯಜೀವಿ ಕಡೆಯವರೇ: ಸಂಡೂರಿನ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಕೃಪಾಕರ–ಸೇನಾನಿ. ಹಾಗಾಗಿ ಕ್ಯಾಮೆರಾ ಅಂದ ಕೂಡಲೇ ಮೊಳಕೈಯುದ್ದದ ಟೆಲಿ ಲೆನ್ಸ್ ಕಣ್ಣಮುಂದೆ ಬರುತ್ತೆ. ನಿಮ್ಮ ಆಸೆ ಅದೇ ಆಗಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು, ರೇಂಜ್‌ಫೈಂಡರ್ ಮಾರಿ, ಬೇರೆ ಕ್ಯಾಮೆರಾ ತಗೊಳ್ಳಿ. ಬೇಜಾರಿಲ್ಲ.

ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ, ಮೈಸೂರಿನ ಟಿ.ಎಸ್. ಸತ್ಯನ್ ಅವರದು. ಸಾಮಾನ್ಯ ಜನ, ಮಕ್ಕಳು, ಬೀದಿ, ದಿನನಿತ್ಯದ ಬದುಕು. ಹತ್ತಿರ ಹೋಗಿ, ಮಾತಾಡಿಸಿ, ಎರಡು ಮೂರು ಮೀಟರ್ ದೂರದಿಂದ ತೆಗೆಯುವ ಚಿತ್ರ. ರೇಂಜ್‌ಫೈಂಡರ್ ಹುಟ್ಟಿರೋದೇ ಆ ಕೆಲಸಕ್ಕೆ.

ಅಲ್ಲಿ ತೆಗೆಯೋಕೆ ಏನಿದೆ?

ತುಂಬಾ ಇದೆ, ಮತ್ತು ಬೇಗ ಬದಲಾಗ್ತಿದೆ. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳಿಗೆ ಮೀಸಲಿದ್ದ ಕಾವಲುಗಳ ಸೀಮೆ ಇದು. ಇವತ್ತು ಅದೇ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1,500 ಎಕರೆ ಕ್ಯಾಂಪಸ್ ಇದೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಕೊಟ್ಟ ಜಾಗ ಇದೆ, ಡಿಆರ್‌ಡಿಒದ ವಾಯುಯಾನ ಪರೀಕ್ಷಾ ವಲಯ ಇದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯಿರುವ ಮರುಬಳಕೆ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನೇ ಬಂದು ಇಳಿದದ್ದು ಅಲ್ಲಿನ ರನ್‌ವೇ ಮೇಲೆ. ಕಾವಲಿನ ಹಂಚಿಕೆ ಪ್ರಶ್ನಿಸಿದ ಪ್ರಕರಣ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಗೋಡೆಯ ಆಚೆ ಈಗಲೂ ಕುರಿ ಹಟ್ಟಿಗಳಿವೆ, ಕಂಬಳಿ ನೇಯುವವರಿದ್ದಾರೆ, ದೇವರ ಎತ್ತು ಕಾಯುವ ಕಿಲಾರಿಗಳಿದ್ದಾರೆ.

ಗೋಡೆಯೊಳಗೆ ಸಂಬಳ ತಗೊಳ್ಳುವ ನನ್ನ ಗೆಳೆಯ ಗೋಡೆಯಾಚೆಯವರ ಚಿತ್ರ ತೆಗೆಯಬೇಕು ಅಂತಿದ್ದಾನೆ. ಇದು ಸುಲಭದ ಸಂಬಂಧ ಅಲ್ಲ. ಅದಕ್ಕೇ ಅವನ ಕೈಯಲ್ಲಿ ಯಾವ ಲೆನ್ಸ್ ಇರುತ್ತೆ ಅನ್ನೋದು ಬರೀ ಗಾಜಿನ ಲೆಕ್ಕ ಅಲ್ಲ, ಎಷ್ಟು ದೂರದಲ್ಲಿ ನಿಲ್ತಾನೆ ಅನ್ನೋ ಲೆಕ್ಕವೂ ಹೌದು.

ಎಫ್/1.4 ಮೋಹ ಬಿಡಿ

ಬಜೆಟ್ ಹಾಳಾಗೋದು ಇಲ್ಲೇ. ಎಫ್ ನಂಬರ್ ಚಿಕ್ಕದಾದಷ್ಟೂ ಬೆಲೆ, ತೂಕ, ಗಾತ್ರ ಮೂರೂ ಏರುತ್ತವೆ. ಚಳ್ಳಕೆರೆ ಬಿಸಿಲಲ್ಲಿ ಅದು ಬೇಕಾ? ಲೆಕ್ಕ ಹಾಕೋಣ.

ಹಳೇ ‘ಸನ್ನಿ 16’ ಸೂತ್ರದ ಪ್ರಕಾರ, ಖಡಕ್ ಬಿಸಿಲಲ್ಲಿ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒದಷ್ಟೇ. ಎಂ240ರ ಮೂಲ ಐಎಸ್‌ಒ 200. ಅಂದರೆ ಎಫ್/16ಕ್ಕೆ 1/200, ಎಫ್/8ಕ್ಕೆ 1/800, ಎಫ್/4ಕ್ಕೆ 1/3200. ಎಫ್/2ಕ್ಕೆ ಬಂದರೆ 1/12,800 ಬೇಕು. ಕ್ಯಾಮೆರಾದ ಗರಿಷ್ಠ ವೇಗವೇ 1/4000! ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೀವು ದುಬಾರಿ ಕೊಟ್ಟು ತಂದ ಎಫ್/1.4 ಬಯಲಲ್ಲಿ ಸುಮ್ಮನೆ ಕೂತಿರುತ್ತೆ, ಇಲ್ಲವೇ ಕಪ್ಪು ಫಿಲ್ಟರ್ ಹಾಕ್ಕೊಂಡು ಓಡಾಡಬೇಕು.

ಒಳಗೆ ಕತ್ತಲಲ್ವಾ ಅಂತೀರಿ. ಹೌದು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆಯಲ್ಲಿ ಒಂದು ಕಿಟಕಿ, ಒಂದು ಬಲ್ಬು ಇದ್ದರೆ ಹೆಚ್ಚು. ಆದರೂ ಐಎಸ್‌ಒ 1600, ಎಫ್/2.8 ಇಟ್ಟರೆ ಕಿಟಕಿ ಪಕ್ಕದ ಮಗ್ಗಕ್ಕೆ 1/60 ಆಸುಪಾಸು ಸಿಗುತ್ತೆ. ಕನ್ನಡಿ ಮೇಲೆ ಕೆಳಗೆ ಹಾರದ ಕ್ಯಾಮೆರಾ ಇದು, ಕೈ ಕಟ್ಟಿ ಹಿಡಿದರೆ ಅಷ್ಟು ಸಾಕು. ಲಾಳಿ ಸ್ವಲ್ಪ ಅಲುಗಿದಂತೆ ಬಂದರೆ ಚಿತ್ರ ಕೆಡುವುದಿಲ್ಲ, ಲಾಳಿ ಓಡ್ತಿತ್ತು ಅಂತ ಗೊತ್ತಾಗುತ್ತೆ ಅಷ್ಟೇ.

ಇನ್ನೊಂದು ಮಾತು. 50 ಎಂಎಂ ಎಫ್/1.1 ಲೆನ್ಸನ್ನು ಪೂರ್ತಿ ತೆರೆದು ಒಂದು ಮೀಟರ್ ದೂರದ ಮುಖ ತೆಗೆದರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್. ಕಣ್ಣು ಚೊಕ್ಕ, ಕಿವಿ ಮಸುಕು. ಹೊಸಬರ ಕೈಯಲ್ಲಿ ಕಣ್ಣೂ ಮಸುಕು. ಅಲ್ಲದೆ ದಪ್ಪ ಲೆನ್ಸ್ ನೋಡುವ ಕಿಟಕಿಯ ಮೂಲೆಗೆ ಅಡ್ಡ ಬರುತ್ತೆ.

28, 35, 50

ಎರಡು ಮೀಟರ್ ದೂರ ನಿಂತರೆ ಪೂರ್ಣ ಗಾತ್ರದ ಸೆನ್ಸರ್ ಮೇಲೆ 28 ಎಂಎಂ ಲೆನ್ಸ್ ಸುಮಾರು 2.6 ಮೀಟರ್ ಅಗಲ ಹಿಡಿಯುತ್ತೆ, 35 ಎರಡು ಮೀಟರ್ ಚಿಲ್ಲರೆ, 50 ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಮಗ್ಗದ ಮನೆಯಲ್ಲಿ ಗೋಡೆಗೆ ಬೆನ್ನು ತಾಗಿಸಿದರೂ ಎರಡು ಎರಡೂವರೆ ಮೀಟರ್ ಹಿಂದಕ್ಕೆ ಹೋಗಬಹುದು. ಅಲ್ಲಿ 50ರಲ್ಲಿ ನೇಕಾರ ಬರ್ತಾರೆ, ಮಗ್ಗ ಅರ್ಧ ಬರುತ್ತೆ. 35ರಲ್ಲಿ ಇಬ್ಬರೂ ಬರ್ತಾರೆ.

ಜಾತ್ರೆ ನೋಡಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ, ಒಣ ಕೊಬ್ಬರಿ ಸುಡುವ ಹೊಗೆಯಲ್ಲಿ ಎರಡು ಬಿಂಬ ಸೇರಿಸುತ್ತ ಕೂತರೆ ತೇರು ಮುಂದೆ ಹೋಗಿರುತ್ತೆ. ಅಲ್ಲಿ ಫೋಕಸ್ ಮೊದಲೇ ಕಟ್ಟಿಡಬೇಕು. 35 ಎಂಎಂ ಅನ್ನು ಎಫ್/8ಕ್ಕೆ, ದೂರವನ್ನು 3 ಮೀಟರಿಗೆ ಇಟ್ಟರೆ ಸುಮಾರು 1.9 ಮೀಟರಿನಿಂದ 7 ಮೀಟರ್‌ವರೆಗೆ ಎಲ್ಲ ಚೊಕ್ಕ. ಅದೇ 50 ಎಂಎಂನಲ್ಲಿ 2.3ರಿಂದ 4.2 ಮೀಟರ್ ಮಾತ್ರ. ದೊಡ್ಡ ಪ್ರಿಂಟ್ ಹಾಕುವವರು ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳಬೇಕು. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ.

ಹಾಗಾದರೆ 28 ಇನ್ನೂ ಒಳ್ಳೇದಲ್ವಾ? ನಮ್ಮಂಥ ಕನ್ನಡಕದವರಿಗೆ ಅಲ್ಲ. ಈ ಕ್ಯಾಮೆರಾಗಳಲ್ಲಿ 28ರ ಗೆರೆಗಳು ಕಿಟಕಿಯ ಅಂಚಿನಲ್ಲಿರುತ್ತವೆ. ಕನ್ನಡಕ ಹಾಕಿದರೆ ನಾಲ್ಕೂ ಮೂಲೆ ಒಟ್ಟಿಗೆ ಕಾಣುವುದಿಲ್ಲ, ಕಣ್ಣು ಆಚೆ ಈಚೆ ಸರಿಸಬೇಕು. 35 ಪರವಾಗಿಲ್ಲ, 50 ಆರಾಮ. 35ರ ಚೌಕಟ್ಟಿನ ಸುತ್ತ ಇನ್ನೂ ಸ್ವಲ್ಪ ಜಾಗ ಕಾಣುವುದರಿಂದ, ಕುರಿ ಮಂದೆ ಚಿತ್ರದೊಳಗೆ ಬರುವ ಮುಂಚೆಯೇ ನಿಮಗೆ ಗೊತ್ತಾಗುತ್ತೆ. ಈ ಕಿಟಕಿಯ ದೊಡ್ಡ ಸುಖ ಅದೇ.

ಒಂದು ತಿದ್ದುಪಡಿ: ನಿಮ್ಮದು 2004ರ ಎಪ್ಸನ್ ಆರ್-ಡಿ1 ಅಥವಾ 2006ರ ಲೈಕಾ ಎಂ8 ಆದರೆ ಸೆನ್ಸರ್ ಚಿಕ್ಕದು. ಎಪ್ಸನ್ ಮೇಲೆ 35 ಎಂಎಂ ಸುಮಾರು 53ರಂತೆ, ಎಂ8 ಮೇಲೆ 47ರಂತೆ ಕಾಣುತ್ತೆ. ಅಂಥವರು 28 ತಗೊಳ್ಳಿ. ಎಂ8ಗೆ ಯುವಿ–ಐಆರ್ ಫಿಲ್ಟರಿನ ಖರ್ಚೂ ಸೇರಿಸಿ. ಇಲ್ಲವಾದರೆ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಗೆ ತಿರುಗುತ್ತೆ.

ಹಾಗಾದರೆ ಯಾವುದು?

ನನ್ನ ಮೊದಲ ಆಯ್ಕೆ ಸೆಕೆಂಡ್ ಹ್ಯಾಂಡ್ ಫೋಕ್ಟ್‌ಲೆಂಡರ್ ಕಲರ್-ಸ್ಕೋಪಾರ್ 35 ಎಂಎಂ ಎಫ್/2.5. ಹೆಸರು 1756ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಕಂಪನಿಯದು. 1999ರಿಂದ ಆ ಹೆಸರಲ್ಲಿ ಲೆನ್ಸ್ ಮಾಡ್ತಿರೋದು ಜಪಾನಿನ ಕೊಸಿನಾ. ತೂಕ ಸುಮಾರು 135 ಗ್ರಾಂ, ನಿಮ್ಮ ಫೋನಿಗಿಂತ ಹಗುರ. 0.7 ಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತೆ. ಗೆಳೆಯನ ಬಜೆಟ್ಟಿನಲ್ಲಿ ಇದು ಬಂದು ದುಡ್ಡೂ ಮಿಗುತ್ತೆ.

ಎರಡನೆಯದು ಝೈಸ್ ಸಿ-ಬಯೋಗಾನ್ 35 ಎಂಎಂ ಎಫ್/2.8. ಅಂಚಿನಿಂದ ಅಂಚಿಗೆ ಗೆರೆ ಎಳೆದಂಥ ಚಿತ್ರ. ಬಜೆಟ್ಟಿನ ಕಟ್ಟಕಡೆಗೆ ಬರುತ್ತೆ, ಒಮ್ಮೊಮ್ಮೆ ದಾಟುತ್ತೆ.

ಹೊಸದೇ ಬೇಕು, ದುಡ್ಡು ಇನ್ನೂ ಕಡಿಮೆ ಅನ್ನುವವರಿಗೆ ಚೀನಾದ ಸೆವೆನ್ ಆರ್ಟಿಸನ್ಸ್, ಟಿಟಿ ಆರ್ಟಿಸನ್ ಇವೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನಿಮ್ಮ ಕ್ಯಾಮೆರಾದ ರೇಂಜ್‌ಫೈಂಡರಿಗೆ ಹೊಂದುತ್ತಾ ಅಂತ ಕೊಂಡ ವಾರದಲ್ಲೇ ಪರೀಕ್ಷೆ ಮಾಡಿ.

ಹಳೇ ಸ್ಕ್ರೂ ಲೆನ್ಸ್‌ಗಳೂ ಇವೆ. 39 ಎಂಎಂ ಸ್ಕ್ರೂ ಇದ್ದರೆ ಒಂದು ತೆಳು ಅಡಾಪ್ಟರ್ ಹಾಕಿ ಎಂ ಕ್ಯಾಮೆರಾಗೆ ಕೂರಿಸಬಹುದು. ಕ್ಯಾನನ್‌ನ ಹಳೇ 50 ಎಂಎಂ ಎಫ್/1.8 ಒಳ್ಳೇದು. ಸೋವಿಯತ್ ಕಾಲದ ಜುಪಿಟರ್-8 ಇನ್ನೂ ಅಗ್ಗ, ಆದರೆ ಅದರ ಫೋಕಸ್ ಅಳತೆ ಲೈಕಾದ ಅಳತೆಗೆ ಪೂರ್ತಿ ಹೊಂದುವುದಿಲ್ಲ. ದೂರಕ್ಕೆ ಸರಿ ಇದ್ದರೆ ಹತ್ತಿರಕ್ಕೆ ತಪ್ಪುತ್ತೆ. ಇವು ಎರಡನೇ ಲೆನ್ಸಿಗೆ ಸರಿ, ಮೊದಲನೆಯದಕ್ಕೆ ಬೇಡ. ಚಿತ್ರ ಮಸುಕಾದರೆ ತಪ್ಪು ಕಣ್ಣಿನದೋ ಗಾಜಿನದೋ ಗೊತ್ತಾಗದೆ ಕಲಿಕೆಯೇ ನಿಂತುಹೋಗುತ್ತೆ.

ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್ ಎಲ್ಲ ಸೇರಿಸಿದ ಮೇಲೆ ಬರುವುದೇ ನಿಜವಾದ ಬೆಲೆ. ಎಷ್ಟೋ ಸಲ ಬೆಂಗಳೂರಲ್ಲೇ ಕೈಗೆ ಕೈ ವ್ಯವಹಾರ ಅಗ್ಗ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಇಎಂಐ ಹಾಕಿ ಲೆನ್ಸ್ ಕೊಳ್ಳಬೇಡಿ.

ಕೈಗೆ ಬಂದಾಗ

ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಇದ್ದರೆ ಫಂಗಸ್, ಹಾಲಿನಂಥ ಮಬ್ಬಿದ್ದರೆ ಹೇಜ್. ಎರಡೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಚಿತ್ರಕ್ಕೆ ಏನೂ ಆಗಲ್ಲ. ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು, ಫಂಗಸ್ ಅಲ್ಲಿ ಸುಲಭಕ್ಕೆ ಹುಟ್ಟುವುದಿಲ್ಲ. ಆದರೆ ಲೆನ್ಸ್ ಮಂಗಳೂರಿಂದಲೋ ಮುಂಬೈಯಿಂದಲೋ ಬಂದಿದ್ದರೆ ಜೊತೆಗೇ ತಂದಿರುತ್ತೆ.

ಆಮೇಲೆ ಫೋಕಸ್ ಪರೀಕ್ಷೆ. ಮೇಜಿನ ಮೇಲೆ ಸ್ಕೇಲ್ ಓರೆಯಾಗಿ ಇಟ್ಟು, ಲೆನ್ಸ್ ಪೂರ್ತಿ ತೆರೆದು, ಒಂದು ಮೀಟರಿನಿಂದ ನಡುವಿನ ಅಂಕಿಗೆ ಫೋಕಸ್ ಮಾಡಿ ತೆಗೆಯಿರಿ. ಆಮೇಲೆ ಮೂರು ಮೀಟರ್. ಆಮೇಲೆ ದೂರದ ಗಾಳಿಯಂತ್ರದ ಕಂಬ. ಎಂ240ರಲ್ಲಿ ಲೈವ್ ವ್ಯೂ ಇದೆ, ಕಿಟಕಿಯ ಮಾತು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತೆ. ಮೂರರಲ್ಲೂ ಸರಿ ಬಂದರೆ ದುಡ್ಡು ಕೊಡಿ.

ಒಂದೇ ಲೆನ್ಸ್ ಇರುವುದರ ಇನ್ನೊಂದು ಲಾಭ ಧೂಳು. ಆ ಬಯಲಲ್ಲಿ ಗಾಳಿ ಎದ್ದಾಗ ಲೆನ್ಸ್ ಬದಲಿಸಿದರೆ ಸೆನ್ಸರ್ ಮೇಲೆ ಮಣ್ಣೇ. ಹಾಕಿದ ಲೆನ್ಸ್ ತೆಗೀಬೇಡಿ.

ಮಿಕ್ಕ ದುಡ್ಡು

ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟು. ಐವತ್ತು ಸಾವಿರದಲ್ಲಿ ಐದು ಸಾವಿರ ಲೆನ್ಸಿಗಲ್ಲ, ಪ್ರಿಂಟಿಗೆ ತೆಗೆದಿಡು. ‘ಪ್ರವೇಶ ನಿಷೇಧ’ ಅಂತ ಬೋರ್ಡ್ ಇರುವ ಬೇಲಿ ಕಡೆ ಕ್ಯಾಮೆರಾ ತಿರುಗಿಸಬೇಡ. ಹಟ್ಟಿಗೆ ಹೋದರೆ ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ, ಹಿರಿಯರನ್ನು ಕೇಳು. ತೆಗೆದ ಚಿತ್ರವನ್ನು ಚಳ್ಳಕೆರೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಅವರ ಕೈಗೇ ಕೊಟ್ಟು ಬಾ. ಫೋನಿನಲ್ಲಿ ತೋರಿಸಿದರೆ ಆಗಲ್ಲ, ಗೋಡೆಗೆ ಹಾಕಿಕೊಳ್ಳುವಂತಿರಬೇಕು.

35 ಎಂಎಂ ಲೆನ್ಸಿನಲ್ಲಿ ಒಬ್ಬರ ಮುಖ ಚೆನ್ನಾಗಿ ಬರಬೇಕಾದರೆ ಅವರಿಂದ ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಬೇಕು. ಅಷ್ಟು ಹತ್ತಿರ ನಿಲ್ಲೋಕೆ ಅವರು ಬಿಡಬೇಕು. ಎರಡನೇ ಸಲ ಹೋದಾಗ ಬಿಡ್ತಾರೋ ಇಲ್ಲವೋ ಅನ್ನೋದು ಮೊದಲ ಸಲದ ಪ್ರಿಂಟ್ ಕೊಟ್ಟಿದ್ದೀಯೋ ಇಲ್ಲವೋ ಅನ್ನೋದರ ಮೇಲೆ ನಿಂತಿರುತ್ತೆ.