ಮಕ್ಕಳ ಎತ್ತರ ಅಳೆದು ಪ್ರವಾಸ ಹೊರಡಿ

ವಾರ್ಷಿಕ ಪರೀಕ್ಷೆ ಮುಗಿಯುವುದೇ ತಡ, ನಮ್ಮ ಹೊಸನಗರದ ಮನೆಗಳಲ್ಲಿ ಎರಡು ಮಾತುಗಳು ಒಟ್ಟಿಗೇ ಶುರುವಾಗುತ್ತವೆ. ಒಂದು ದೊಡ್ಡವರದು. ಮಳೆ ಹಿಡಿಯುವ ಮುಂಚೆ ಮಾಡಿನ ಹೆಂಚು ಸರಿಮಾಡಿಸಬೇಕು, ಸೌದೆ ಒಳಗೆ ಹಾಕಬೇಕು, ಜೂನ್ ತಿಂಗಳಿಗೆ ಪುಸ್ತಕ, ಸಮವಸ್ತ್ರ, ಛತ್ರಿ ಕೊಳ್ಳಬೇಕು. ಇನ್ನೊಂದು ಮಕ್ಕಳದು: "ಈ ರಜೆಯಲ್ಲಿ ಎಲ್ಲಿಗೆ ಹೋಗೋಣ?" ಎರಡೂ ನ್ಯಾಯವಾದ ಮಾತುಗಳೇ. ಆದರೆ ಎರಡಕ್ಕೂ ಇರುವ ಕಿಸೆ ಒಂದೇ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಮದ್ರಸದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಸೊಂಟದಲ್ಲಿ ಹದಿನಾಲ್ಕು ತಿಂಗಳ ಗಂಡು ಮಗು, ಸೆರಗು ಹಿಡಿದುಕೊಂಡು ನಾಲ್ಕು ವರ್ಷದ ಮಗಳು. ಗಂಡ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಪಕ್ಕದ ಮನೆಯವರು ಬೆಂಗಳೂರಿನ ವಂಡರ್‌ಲಾಗೆ ಹೋಗಿ ಬಂದು ಮೊಬೈಲಿನಲ್ಲಿ ಫೋಟೋ ಹಾಕಿದ್ದರಂತೆ. ಅಂದಿನಿಂದ ಮಗಳದು ಒಂದೇ ಹಠ. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಆಕೆ ಮೆಲ್ಲಗೆ ಹೇಳಿದಳು: "ಆಪಾ, ಈ ಬಳೆ ಅಡವಿಟ್ಟರೆ ಹೇಗೆ? ಅವರೇನೂ ಕೇಳಿಲ್ಲ. ನಾನೇ ಅಂದುಕೊಂಡಿದ್ದೇನೆ."

ಅದು ಆಕೆಯ ಮಹ್ರ್‌ನ ಬಳೆ.

ನಾನು ಉಪದೇಶಕ್ಕೆ ಇಳಿಯಲಿಲ್ಲ. "ಮಗಳ ಎತ್ತರ ಎಷ್ಟು?" ಎಂದು ಕೇಳಿದೆ. ಆಕೆ ನಕ್ಕಳು. ಹುಡುಗಿಯನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಿಂದ ಗೀಟು ಹಾಕಿದೆವು. ಹೊಲಿಗೆಯ ಟೇಪಿನಲ್ಲಿ ಅಳೆದರೆ 98 ಸೆಂ.ಮೀ. ಬಂತು. ಚಿಕ್ಕವನನ್ನು ಚಾಪೆಯ ಮೇಲೆ ಮಲಗಿಸಿ ಅಳೆದೆವು. 76 ಸೆಂ.ಮೀ. ಇದ್ದ.

ಎತ್ತರ ಏಕೆ ಮುಖ್ಯ?

ದೊಡ್ಡ ಮನರಂಜನಾ ಪಾರ್ಕುಗಳಲ್ಲಿ ಮಕ್ಕಳ ಲೆಕ್ಕ ವಯಸ್ಸಿನದಲ್ಲ, ಎತ್ತರದ್ದು. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್. ಅದಕ್ಕಿಂತ ಮೇಲಿನವರಿಗೆ ಪೂರ್ತಿ ದರ. ಸಾಮಾನ್ಯವಾಗಿ ಮಗು 85 ಸೆಂ.ಮೀ. ದಾಟುವುದು ಎರಡು ವರ್ಷದ ಆಸುಪಾಸಿನಲ್ಲಿ; 140 ಮುಟ್ಟುವುದು ಹತ್ತು ವರ್ಷದ ಆಸುಪಾಸಿನಲ್ಲಿ.

"ಚಿಕ್ಕವನಿಗೆ ಟಿಕೆಟ್ ಇಲ್ಲವಲ್ಲ, ಉಳಿಯಿತು" ಎಂದು ನಾವು ಸಂತೋಷಪಡುತ್ತೇವೆ. ಟಿಕೆಟ್ ಇಲ್ಲದ ಮಗುವಿಗೆ ಅಲ್ಲಿ ಆಟವೂ ಇಲ್ಲವೆಂಬುದು ಹೊಳೆಯುವುದಿಲ್ಲ. ಜಾಹೀರಾತಿನಲ್ಲಿ ಕಾಣುವ ಎತ್ತರೆತ್ತರದ ಆಟಗಳಿಗೆ ಹೆಚ್ಚಾಗಿ 140 ಸೆಂ.ಮೀ. ಇರಲೇಬೇಕು. ಇದು ಸುರಕ್ಷತೆಯ ನಿಯಮ, ಗೋಗರೆದು ದಾಟುವಂಥದ್ದಲ್ಲ. ಆದ್ದರಿಂದ ನಾಲ್ಕು ವರ್ಷದ ಮಗಳಿಗೆ ಅಲ್ಲಿ ಸಿಗುವುದು ಪುಟ್ಟ ಮಕ್ಕಳ ಕೆಲವು ಆಟಗಳು ಮತ್ತು ಮೊಣಕಾಲುದ್ದದ ನೀರು. ಹದಿನಾಲ್ಕು ತಿಂಗಳ ಮಗನಿಗೆ ಬಿಸಿಲು. ಅವರ ತಾಯಿಗೆ ಒಂದು ಬೆಂಚು.

ಬೆಂಚಿನ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹದಿನೈದು ವರ್ಷಗಳ ಹಿಂದೆ ನಾವೂ ಇಂಥದ್ದೊಂದು ಪಾರ್ಕಿಗೆ ಹೋಗಿದ್ದೆವು. ಅದರ ಹೆಸರು ಬೇಡ, ತಪ್ಪು ನಮ್ಮದೇ. ಆಗ ಮಗಳಿಗೆ ಮೂರೂವರೆ ವರ್ಷ, ಮಗನಿಗೆ ಹತ್ತು ತಿಂಗಳು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಿಗ್ಗೆ ತಲುಪಿದೆವು. ಹನ್ನೊಂದು ಗಂಟೆಯಿಂದ ನಾಲ್ಕು ಗಂಟೆಯವರೆಗೆ ನಾನು ಒಂದೇ ಜಾಗದಲ್ಲಿ ಕುಳಿತಿದ್ದೆ. ಮಡಿಲಲ್ಲಿ ಅಳುವ ಮಗು, ಪಕ್ಕದಲ್ಲಿ ಎರಡು ಚೀಲ, ಕಾಲಬುಡದಲ್ಲಿ ಎಲ್ಲರ ಚಪ್ಪಲಿ. ಮಗಳನ್ನು ಮೂರು ಕಡೆ ಅಳತೆಯ ಕಂಬದ ಹತ್ತಿರ ನಿಲ್ಲಿಸಿ ಹಿಂದೆ ಕಳುಹಿಸಿದರು. ಮೂರನೆಯ ಸಲ ಅವಳು ಅತ್ತಾಗ ಅವಳ ಅಬ್ಬಾ ಗದರಿದರು. ಅವರ ಸಿಟ್ಟು ಮಗುವಿನ ಮೇಲಲ್ಲ, ಖರ್ಚಾದ ದುಡ್ಡಿನ ಮೇಲೆ. ಮೂರು ಗಂಟೆಗೆ ಅವಳು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಆ ಜೂನ್‌ನಲ್ಲಿ ಶಾಲೆಯ ಖರ್ಚಿಗೆ ನಾನು ಅಣ್ಣನ ಮುಂದೆ ಕೈಯೊಡ್ಡಬೇಕಾಯಿತು.

ಊರಿಗೆ ಬಂದ ಮೇಲೆ ಅಜ್ಜಿ ಕೇಳಿದರು, "ಏನೇನು ನೋಡಿದೆ?" ಮಗಳು ಹೇಳಿದ್ದೇನು ಗೊತ್ತೇ? "ಲಾಡ್ಜಿನಲ್ಲಿ ಅಬ್ಬಾ ಕುದುರೆ ಆಗಿದ್ದರು." ರಾತ್ರಿ ನಿದ್ದೆ ಬಾರದ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಅವರು ಕೋಣೆಯಲ್ಲಿ ಎರಡು ಸುತ್ತು ಹಾಕಿದ್ದರು. ಅಷ್ಟೇ ಅವಳ ಪ್ರವಾಸ ಕಥನ.

ಮಗುವಿನ ಹಕ್ಕು, ತಾಯಿಯ ಹಕ್ಕು

ಇದರರ್ಥ ಚಿಕ್ಕ ಮಕ್ಕಳನ್ನು ಎಲ್ಲಿಗೂ ಕರೆದೊಯ್ಯಬಾರದು ಎಂದಲ್ಲ. ಆಟವೆಂದರೆ ಕಾಲಹರಣ ಎಂದುಕೊಳ್ಳುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಪ್ರವಾದಿ(ಸ)ರ ಜೀವನ ಓದಿದವರು ಹಾಗೆನ್ನಲಾರರು. ಸುಜೂದ್‌ನಲ್ಲಿದ್ದಾಗ ಬೆನ್ನೇರಿದ ಮೊಮ್ಮಗು ತಾನಾಗಿ ಇಳಿಯುವವರೆಗೆ ಅವರು ತಲೆಯೆತ್ತಲಿಲ್ಲ. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಝ್ ಮಾಡಿದರು. ಪುಟ್ಟ ಹಕ್ಕಿ ಸತ್ತು ಬೇಸರದಲ್ಲಿದ್ದ ಅಬೂ ಉಮೈರ್ ಎಂಬ ಬಾಲಕನ ಬಳಿ ನಿಂತು ಆ ಹಕ್ಕಿಯ ಬಗ್ಗೆಯೇ ವಿಚಾರಿಸಿದರು. ಮಗುವನ್ನು ನಗಿಸುವುದು ಸುನ್ನತ್ತೇ ಆಗಿದೆ. ಆದರೆ ಆ ಯಾವ ನಗುವಿಗೂ ದುಡ್ಡು ಬೇಕಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಖರ್ಚಿನಲ್ಲಿ ದುಂದೂ ಬೇಡ, ಜಿಪುಣತನವೂ ಬೇಡ, ಎರಡರ ನಡುವಿನ ದಾರಿ ಇರಲಿ ಎಂಬುದು ಅಲ್‌ಫುರ್ಕಾನ್ ಅಧ್ಯಾಯದ ಬೋಧನೆ. ಇನ್ನು ಮಹ್ರ್. ಅದು ಹೆಂಡತಿಯ ಸ್ವತ್ತು ಎಂದು ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಸ್ಪಷ್ಟಪಡಿಸಲಾಗಿದೆ. ಆಕೆ ಮನಸ್ಸಾರೆ ಕೊಟ್ಟರೆ ಮಾತ್ರ ಗಂಡ ಬಳಸಬಹುದು. ನನ್ನ ವಿದ್ಯಾರ್ಥಿನಿ ಮನಸ್ಸಾರೆಯೇ ಕೊಡಲು ಸಿದ್ಧಳಿದ್ದಳು, ನಿಜ. ಆದರೆ ಅಡವಿನ ಬಳೆಗೆ ತಿಂಗಳು ತಿಂಗಳು ಬಡ್ಡಿ ಬೆಳೆಯುತ್ತದೆ. ಬಡ್ಡಿಯಿಂದ ದೂರವಿರಿ ಎಂದು ಮಕ್ಕಳಿಗೆ ಪಾಠ ಹೇಳುವ ನಾವು ಅದೇ ಮಕ್ಕಳ ಜೋಕಾಲಿಗೆ ಬಡ್ಡಿ ಕಟ್ಟುವುದೇ? ಮೇಲಾಗಿ, ಆ ಬಳೆ ನಾಳೆ ಕಾಯಿಲೆ ಕಸಾಲೆಗೆ ಆಕೆಯ ಕೈಯಲ್ಲಿ ಉಳಿದಿರುವ ಒಂದೇ ಆಸರೆ. ಇದನ್ನಷ್ಟೇ ಹೇಳಿದೆ. ಆಕೆ ಬಳೆಯನ್ನು ಒಮ್ಮೆ ತಿರುಗಿಸಿಕೊಂಡು ಸುಮ್ಮನಾದಳು.

ಹತ್ತಿರದಲ್ಲೇ ಏನಿದೆ?

ಐದು ವರ್ಷದೊಳಗಿನ ಮಗುವಿಗೆ ಬೇಕಾದುದು ಪ್ರಾಣಿ, ನೀರು, ಮಣ್ಣು ಮತ್ತು ಅವಸರವಿಲ್ಲದ ತಂದೆ ತಾಯಿ. ಇವಿಷ್ಟೂ ನಮ್ಮ ಜಿಲ್ಲೆಯಲ್ಲೇ ಇವೆ.

ರಿಪ್ಪನ್‌ಪೇಟೆ, ಆಯನೂರು ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗುವಾಗ ನಗರಕ್ಕೆ ಸುಮಾರು ಹತ್ತು ಕಿ.ಮೀ. ಮೊದಲೇ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ ಸಿಗುತ್ತದೆ. ವಾಹನದೊಳಗೆ ಕುಳಿತೇ ಹುಲಿ ಸಿಂಹಗಳನ್ನು ನೋಡಬಹುದು. ಮಂಗಳವಾರ ರಜೆ. ಬೇಸಿಗೆಯ ಮಧ್ಯಾಹ್ನ ಪ್ರಾಣಿಗಳೂ ನೆರಳು ಹುಡುಕಿ ಮಲಗುತ್ತವೆ, ಆದ್ದರಿಂದ ಬೆಳಿಗ್ಗೆಯೇ ಹೋಗಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ದೂರದಲ್ಲಿ ಸಕ್ರೆಬೈಲು ಆನೆ ಬಿಡಾರವಿದೆ. ಕಾಡಿನಿಂದ ಬರುವ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಸ್ನಾನ ಮಾಡುವುದನ್ನು ನೋಡಲು ಎಂಟೂವರೆಯಿಂದ ಹನ್ನೊಂದರೊಳಗೆ ಅಲ್ಲಿರಬೇಕು. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸುವ ಹಠ ಬೇಡ. ಶಿವಮೊಗ್ಗದಲ್ಲಿ ನೆಂಟರ ಮನೆ ಇಲ್ಲದವರು ನಮ್ಮಲ್ಲಿ ಕಡಿಮೆ. ಒಂದು ರಾತ್ರಿ ಉಳಿದರೆ ಬಾಂಧವ್ಯವೂ ಉಳಿಯುತ್ತದೆ. ಬರಿಗೈಯಲ್ಲಿ ಹೋಗಬೇಡಿ, ಅಷ್ಟೇ.

ಅರ್ಧ ದಿನವಷ್ಟೇ ಬಿಡುವಿದ್ದರೆ ನಮ್ಮ ನಗರದ ಕೋಟೆ ಇದೆ. ಕೆಳದಿ ಅರಸರ ಬಿದನೂರು ಅದು. 1763ರಲ್ಲಿ ಹೈದರ್ ಅಲಿ ಗೆದ್ದ ಮೇಲೆ ಹೈದರ್‌ನಗರವೆಂದಾಗಿ, ಕೊನೆಗೆ ಬರೀ ನಗರ ಎಂದು ಉಳಿಯಿತು. ಓಡಾಡುವ ಮಕ್ಕಳನ್ನು ಕೊಳಗಳ ಬಳಿ ಕೈಬಿಡಬೇಡಿ. ರಿಪ್ಪನ್‌ಪೇಟೆ ಬಳಿಯ ಅರಸಾಳು ರೈಲು ನಿಲ್ದಾಣವೂ ಇದೆ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿದ್ದ ಹಳೆಯ ಕಟ್ಟಡವನ್ನು 2020ರಲ್ಲಿ ವಸ್ತು ಸಂಗ್ರಹಾಲಯವಾಗಿ ಮಾಡಿದ್ದಾರೆ. ರೈಲೆಂದರೆ ಜೀವ ಬಿಡುವ ಮಗುವಿಗೆ ಇದಕ್ಕಿಂತ ದೊಡ್ಡ ಪಾರ್ಕು ಬೇಕಿಲ್ಲ.

ಕರಾವಳಿಯಲ್ಲಿ ಬಂಧುಗಳಿದ್ದವರು ಮಂಗಳೂರಿನ ಪಿಲಿಕುಳಕ್ಕೆ ಹೋಗಬಹುದು. ಮೃಗಾಲಯ, ಕೆರೆ, ತಾರಾಲಯ ಎಲ್ಲ ಒಂದೇ ಕಡೆ ಇವೆ. ಸೋಮವಾರ ರಜೆ. ಆದರೆ ಹುಲಿಕಲ್ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡದ ಮಗು ವಿರಳ. ಘಾಟಿ ಇಳಿಯುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ಮುಂದಿನ ಸೀಟು ಹಿಡಿಯಿರಿ, ಎರಡು ಪ್ಲಾಸ್ಟಿಕ್ ಚೀಲ ಕೈಯಲ್ಲೇ ಇರಲಿ.

ದೊಡ್ಡ ಪಾರ್ಕಿಗೇ ಹೋಗುವುದಾದರೆ

ಮಕ್ಕಳು ಸ್ವಲ್ಪ ದೊಡ್ಡವರಿದ್ದು, ಕೈಯಲ್ಲಿ ಸಾಲವಿಲ್ಲದ ದುಡ್ಡಿದ್ದರೆ ಸಂತೋಷವಾಗಿ ಹೋಗಿ ಬನ್ನಿ. ಕೆಲವು ವಿಷಯ ನೆನಪಿರಲಿ.

ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ದರವೂ ಹೆಚ್ಚು, ನೂಕುನುಗ್ಗಲೂ ಹೆಚ್ಚು. ವಾರದ ನಡುವಿನ ದಿನ ಆರಿಸಿಕೊಳ್ಳಿ. ಜುಮಾ ತಪ್ಪದಂತೆ ಶುಕ್ರವಾರವನ್ನೂ ಬಿಡಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಆದರೆ ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು, ಅವುಗಳಲ್ಲಿ ಈ ಸೌಲಭ್ಯವಿಲ್ಲ. ಅಲ್ಲದೆ ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕೆಂಪು ಬಸ್ಸಿನಲ್ಲಿ ಕೂರುವುದು ಸುಲಭವಲ್ಲ. ಚಿಕ್ಕ ಮಕ್ಕಳಿರುವವರಿಗೆ ರೈಲೇ ಲೇಸು. ಶೌಚಾಲಯವಿದೆ, ಮಗುವನ್ನು ಮಲಗಿಸಬಹುದು. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರೆಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ. ಸಾಗರದಿಂದ ರಾತ್ರಿ ಹೊರಡುವ ತಾಳಗುಪ್ಪ–ಮೈಸೂರು ರೈಲು ಬೆಂಗಳೂರಿನ ಮೂಲಕವೇ ಹೋಗುತ್ತದೆ.

ರಾತ್ರಿ ಪ್ರಯಾಣ ಮಾಡಿ ನೇರವಾಗಿ ಪಾರ್ಕಿಗೆ ನುಗ್ಗಬೇಡಿ. ನಾವು ಮಾಡಿದ ಮೊದಲ ತಪ್ಪೇ ಅದು. ಮಗು ಮಧ್ಯಾಹ್ನ ಮಲಗುವ ಹೊತ್ತಿಗೆ ನೆರಳು ಹುಡುಕಿ, ಮಲಗಲು ಬಿಡಿ. "ಟಿಕೆಟ್ ದುಡ್ಡು ವ್ಯರ್ಥ" ಎಂದು ಎಬ್ಬಿಸಬೇಡಿ.

ಹೊರಗಿನ ಊಟ ಒಳಗೆ ಬಿಡುವುದು ಕಡಿಮೆ. ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ಮೊದಲೇ ಫೋನ್ ಮಾಡಿ ವಿಚಾರಿಸಿ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ಒಪ್ಪುವುದಿಲ್ಲ. ಮೈ ತುಂಬ ಮುಚ್ಚುವ ನೈಲಾನ್ ಉಡುಪುಗಳು ಈಗ ಪೇಟೆಯಲ್ಲಿ ಸಿಗುತ್ತವೆ. ಯಾವುದಕ್ಕೆ ಒಪ್ಪಿಗೆ ಇದೆಯೆಂದು ಕೇಳಿಕೊಂಡೇ ಕೊಳ್ಳಿ.

ಮೊಣಕಾಲುದ್ದದ ನೀರೆಂದು ಅಸಡ್ಡೆ ಸಲ್ಲದು. ಚಿಕ್ಕ ಮಗು ಅಷ್ಟರಲ್ಲೇ, ಸದ್ದಿಲ್ಲದೆ ಮುಳುಗಬಹುದು. ನೀರಿನ ಬಳಿ ಒಬ್ಬರ ಕಣ್ಣು ಮಗುವಿನ ಮೇಲೆಯೇ ಇರಬೇಕು, ಮೊಬೈಲಿನ ಮೇಲಲ್ಲ. ಮಗುವಿನ ಅಂಗಿಯ ಒಳಬದಿಯಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಮಗು ಕಾಣೆಯಾದರೆ ಗೇಟಿನ ಸಿಬ್ಬಂದಿಗೆ ತಕ್ಷಣ ತಿಳಿಸಿ. 112 ಮತ್ತು ಮಕ್ಕಳ ಸಹಾಯವಾಣಿ 1098 ನೆನಪಿರಲಿ. ಓ.ಆರ್.ಎಸ್. ಪೊಟ್ಟಣ ಚೀಲದಲ್ಲಿರಲಿ. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ನೀರು ಬೇಡ.

ಇನ್ನೊಂದು ಮಾತು ಗಂಡಸರಿಗೆ. ಅರ್ಧ ದಿನ ಬೆಂಚಿನ ಮೇಲೆ ನೀವು ಕುಳಿತುಕೊಳ್ಳಿ. ಕೂಸು ನಿಮ್ಮ ಮಡಿಲಲ್ಲಿರಲಿ, ಚಪ್ಪಲಿಗಳೂ ನಿಮ್ಮ ಕಾಲಬುಡದಲ್ಲಿರಲಿ. ಮಗಳ ಕೈ ಹಿಡಿದು ಆಕೆಯೂ ಒಂದು ಸುತ್ತು ಹೋಗಿ ಬರಲಿ.

ಪ್ರಯಾಣದಲ್ಲಿ ನಮಾಝ್‌ಗೆ ಅಲ್ಲಾಹನು ರಿಯಾಯಿತಿ ನೀಡಿದ್ದಾನೆ. ನಾಲ್ಕು ರಕಅತ್‌ನ ಫರ್ಝ್ ಎರಡಾಗುತ್ತದೆ. ದೂರ ಮತ್ತು ದಿನಗಳ ವಿವರ ಮದ್‌ಹಬ್‌ಗೆ ತಕ್ಕಂತೆ ಬೇರೆಯಾಗುವುದರಿಂದ ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿ ಹೊರಡಿ. ಸಫರಿನ ದುಆ ಮಕ್ಕಳಿಂದಲೇ ಹೇಳಿಸಿ.

ನನ್ನ ವಿದ್ಯಾರ್ಥಿನಿ ಕೊನೆಗೆ ಹೋಗಿದ್ದು ಶಿವಮೊಗ್ಗದ ಚಿಕ್ಕಮ್ಮನ ಮನೆಗೆ. ಎರಡು ಬೆಳಿಗ್ಗೆ, ಎರಡು ಜಾಗ. ಆನೆ ಸೊಂಡಿಲಿನಿಂದ ನೀರು ಚಿಮ್ಮಿಸಿದಾಗ ಚಿಕ್ಕವನು ಮೊದಲು ಹೆದರಿ ಅತ್ತನಂತೆ, ಆಮೇಲೆ ಅಲ್ಲಿಂದ ಕದಲಲು ಒಪ್ಪಲಿಲ್ಲವಂತೆ. ಮಗಳ ಹಠ ಪೂರ್ತಿ ಹೋಗಿಲ್ಲ, "ವಂಡರ್‌ಲಾ ಯಾವಾಗ?" ಎಂದು ಈಗಲೂ ಕೇಳುತ್ತಾಳಂತೆ. ಅದಕ್ಕೆ ಅವರಪ್ಪ ಮನೆಯ ಬಾಗಿಲ ಚೌಕಟ್ಟಿನಲ್ಲಿ 140 ಸೆಂ.ಮೀ.ಗೆ ಒಂದು ಗೀಟು ಹಾಕಿದ್ದಾನೆ. ಕೆಳಗೆ ಮೂಲೆಯಲ್ಲಿ ಒಂದು ಡಬ್ಬಿ ಇಟ್ಟು, ಶನಿವಾರದ ಸಂಬಳದಲ್ಲಿ ಕೈಲಾದಷ್ಟು ಹಾಕುತ್ತಾನೆ. ಹುಡುಗಿ ಆಗಾಗ ಹೋಗಿ ಗೀಟಿಗೆ ತಲೆ ತಾಗುತ್ತದೆಯೇ ಎಂದು ನೋಡುತ್ತಾಳಂತೆ.

ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಿದ್ದಳು. ಬಳೆ ಕೈಯಲ್ಲೇ ಇತ್ತು, ಅಲ್‌ಹಮ್ದುಲಿಲ್ಲಾಹ್. ನಮ್ಮೆಲ್ಲರ ಮಕ್ಕಳ ನಗುವಿನಲ್ಲೂ ದುಡಿಮೆಯಲ್ಲೂ ಅಲ್ಲಾಹನು ಬರಕತ್ ನೀಡಲಿ.