ಬಿತ್ತನೆ ಬೀಜ ಮಾರಿ ಹಬ್ಬ ಮಾಡಬೇಡಿ!



ಕಟ್ಟಕಡೆಗೆ ಬಂದವನಿಗೆ ಮೊದಲ ಮಣೆ! ಇಂಥ ನಿಯಮವನ್ನು ಎಲ್ಲಾದರೂ ಕಂಡಿದ್ದೀರಾ? ಕುಸ್ತಿಯಲ್ಲಿ ಮಣ್ಣು ಮುಕ್ಕಿದವನನ್ನು ಕರೆದು ಮೊದಲ ಹಾರ ಹಾಕಿದಂತೆ! ನಗಬೇಡಿ. ದುಡ್ಡೇ ದೊಡ್ಡಪ್ಪ ಎಂದು ನಾವೆಲ್ಲ ಬೈಯುವ ಅಮೆರಿಕದಲ್ಲಿ, ದುಡ್ಡಿನ ಹೊಳೆಯೇ ಹರಿಯುವ ಒಂದು ಆಟದಲ್ಲಿ ಈ ನಿಯಮ 1936ರಿಂದ ನಡೆದುಕೊಂಡು ಬಂದಿದೆ. ಅದರ ಹೆಸರು ಡ್ರಾಫ್ಟ್. ಬ್ಯಾಂಕಿನ ಡಿ.ಡಿ. ಅಲ್ಲ ಸ್ವಾಮಿ, ಆಟಗಾರರನ್ನು ಆರಿಸುವ ಸರದಿ.

ಆಟ ಅಮೆರಿಕನ್ ಫುಟ್‌ಬಾಲ್. ನಾವು ಕಾಲಿನಲ್ಲಿ ಒದೆಯುವ ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವನನ್ನು ಡಿಕ್ಕಿ ಹೊಡೆದು ಕೆಡಹುವ ಆಟ. ಚೆಂಡು ಎಸೆಯುವ ನಾಯಕನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಈಗ ಒಟ್ಟು 32 ತಂಡಗಳಿವೆ. ಪ್ರತಿ ವರ್ಷ ಕಾಲೇಜು ಮುಗಿಸಿ ಬರುವ ಹುಡುಗರನ್ನು ಈ ತಂಡಗಳು ಒಬ್ಬೊಬ್ಬರನ್ನಾಗಿ ಆರಿಸುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ನಿಂತ ತಂಡಕ್ಕೆ ಮೊದಲ ಆಯ್ಕೆ. ಗೆದ್ದು ಕಪ್ ಎತ್ತಿದವನಿಗೆ ಸುತ್ತಿನ ಕೊನೆಯ ಆಯ್ಕೆ. ಹೀಗೆ ಏಳು ಸುತ್ತು. ಮೊದಲ ಸುತ್ತೇ ಬಂಗಾರ.

ಈ ಉಪಾಯ ಹೂಡಿದವನು ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್. 1935ರಲ್ಲಿ ಅವನ ತಂಡ ಸೋತು ಸುಣ್ಣವಾಗಿತ್ತು. ಒಳ್ಳೆಯ ಹುಡುಗರೆಲ್ಲ ನ್ಯೂಯಾರ್ಕ್, ಶಿಕಾಗೋದಂಥ ಗಟ್ಟಿ ಕುಳಗಳ ಪಾಲಾಗುತ್ತಿದ್ದರು. ಹೀಗೇ ಬಿಟ್ಟರೆ ನಾಲ್ಕು ತಂಡ ಕೊಬ್ಬುತ್ತವೆ, ಉಳಿದವು ಸಾಯುತ್ತವೆ, ಕೊನೆಗೆ ಆಟವೇ ಸಾಯುತ್ತದೆ ಎಂಬುದು ಅವನ ವಾದ. ಗೆದ್ದವರೂ ಒಪ್ಪಿಕೊಂಡರು. ದಾನಬುದ್ಧಿಯಿಂದಲ್ಲ, ಎದುರಾಳಿಯೇ ಇಲ್ಲದಿದ್ದರೆ ಟಿಕೆಟ್ ಕೊಳ್ಳುವವರು ಯಾರು ಎಂಬ ಲೆಕ್ಕದಿಂದ!

ಚಿಕ್ಕ ಊರಿನ ದೊಡ್ಡ ತಂಡ

ಈ ನಿಯಮದಿಂದ ಬದುಕುಳಿದವರಲ್ಲಿ ನಾನು ಹೇಳಹೊರಟಿರುವ ತಂಡ ಗ್ರೀನ್ ಬೇ ಪ್ಯಾಕರ್ಸ್. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು 1 ಲಕ್ಷ 7 ಸಾವಿರ ಜನರ ಊರು. ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರು ಪಟ್ಟಣದಷ್ಟು. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ಯುವಕ, ಮಾಂಸ ಡಬ್ಬಿಗೆ ತುಂಬುವ ಕಂಪೆನಿಯೊಂದು ಕೊಟ್ಟ ಹಣದಲ್ಲಿ ಈ ತಂಡ ಕಟ್ಟಿದ. ಪ್ಯಾಕರ್ಸ್ ಎಂಬ ಹೆಸರು ಬಂದದ್ದೇ ಹಾಗೆ. ಈ ತಂಡಕ್ಕೆ ಕೋಟ್ಯಧಿಪತಿ ಧಣಿಯಿಲ್ಲ. ಊರವರೂ ಅಭಿಮಾನಿಗಳೂ ಷೇರು ಕೊಂಡು ನಡೆಸುವ ತಂಡ. ಇವತ್ತು ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಆ ಷೇರಿಗೆ ಒಂದು ಬಿಡಿಗಾಸು ಲಾಭಾಂಶವಿಲ್ಲ. ಆದರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳುತ್ತಾರೆ! ಅಂಥ ತಂಡ 13 ಸಲ ಚಾಂಪಿಯನ್ ಆಗಿದೆ. ಬೇರಾವ ತಂಡವೂ ಅಷ್ಟು ಸಲ ಗೆದ್ದಿಲ್ಲ. ಟಿ.ವಿ. ಹಣವನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ. ಅದೂ ಈ ಡ್ರಾಫ್ಟ್‌ ಪದ್ಧತಿಯೂ ಇಲ್ಲದಿದ್ದರೆ ಈ ಊರನ್ನು ಮಹಾನಗರಗಳು ಎಂದೋ ನುಂಗಿ ನೀರು ಕುಡಿಯುತ್ತಿದ್ದವು.

ಆದರೆ ನಿಯಮ ಒಂದು ಅವಕಾಶ ಕೊಡುತ್ತದೆ ಅಷ್ಟೇ. ಅವಕಾಶವನ್ನು ಅನ್ನ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಪ್ಯಾಕರ್ಸ್ ತಂಡದ ಮೊದಲ ಸುತ್ತಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಸಿಗುವ ಪಾಠ ಇದೇ.

ಹೆಸರು ನೋಡಿ ಮರುಳಾದ ಕಥೆ

1989. ಹಿಂದಿನ ವರ್ಷ ನೆಲಕಚ್ಚಿದ್ದ ಪ್ಯಾಕರ್ಸ್‌ಗೆ ಇಡೀ ದೇಶದಲ್ಲೇ ಎರಡನೆಯ ಆಯ್ಕೆ ಸಿಕ್ಕಿತು. ಆರಿಸಿದ್ದು ಟೋನಿ ಮ್ಯಾಂಡರಿಚ್ ಎಂಬ ಬೆಟ್ಟದಂಥ ಆಳನ್ನು. ಪತ್ರಿಕೆಗಳು ಅವನ ರಟ್ಟೆಗಾತ್ರದ ಫೋಟೋ ಮುಖಪುಟಕ್ಕೆ ಹಾಕಿ ಹಾಡಿ ಹೊಗಳಿದ್ದವು. ಆ ವರ್ಷದ ಮೊದಲ ಐದು ಹೆಸರು ನೋಡಿ: ಟ್ರಾಯ್ ಏಕ್‌ಮನ್, ಮ್ಯಾಂಡರಿಚ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್. ನಾಲ್ವರು ಆ ಆಟದ ಕೀರ್ತಿಮಂದಿರ ಸೇರಿದರು. ಸೇರದವನೊಬ್ಬನೇ, ಅವನೇ ಗ್ರೀನ್ ಬೇ ಆರಿಸಿದವನು! ಸಂಬಳದ ಜಗ್ಗಾಟದಲ್ಲೇ ಕಾಲ ಕಳೆದ. ಆಡಿದಾಗ ಆಟ ಸಾಗಲಿಲ್ಲ. ಕಾಲೇಜಿನಲ್ಲಿ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದೆ ಎಂದು ವರ್ಷಗಳಾದ ಮೇಲೆ ಅವನೇ ಒಪ್ಪಿಕೊಂಡ.

1981ರಲ್ಲೂ ಇದೇ ಹಾಡು. ಆರನೆಯ ಆಯ್ಕೆಯಲ್ಲಿ ರಿಚ್ ಕ್ಯಾಂಪ್‌ಬೆಲ್ ಎಂಬ ಕ್ವಾರ್ಟರ್‌ಬ್ಯಾಕ್ ಬಂದ. ಬಂದಷ್ಟೇ ಸದ್ದಿಲ್ಲದೆ ಹೋದ. ಎರಡು ಹೆಜ್ಜೆ ಹಿಂದೆ, ಎಂಟನೆಯವನಾಗಿ ಸ್ಯಾನ್ ಫ್ರಾನ್ಸಿಸ್ಕೋ ಪಾಲಾದ ರಾನಿ ಲಾಟ್ ನಾಲ್ಕು ಸೂಪರ್ ಬೌಲ್ ಗೆದ್ದ.

ಇದನ್ನು ಹೇಳಿ ಆರಿಸಿದವರನ್ನು ಹಳಿಯುವುದು ಸುಲಭ. ಆದರೆ ಇನ್ನೊಂದು ಮಾತು ಕೇಳಿ. ಪ್ಯಾಕರ್ಸ್ ಬಿಟ್ಟ ಬ್ಯಾರಿ ಸ್ಯಾಂಡರ್ಸ್ ಡೆಟ್ರಾಯ್ಟ್‌ ತಂಡಕ್ಕೆ 10 ವರ್ಷ ಗಾಳಿಯಂತೆ ಓಡಿದ. ಆ 10 ವರ್ಷಗಳಲ್ಲಿ ಡೆಟ್ರಾಯ್ಟ್ ಒಮ್ಮೆಯಾದರೂ ಸೂಪರ್ ಬೌಲ್ ತಲುಪಿತೇ? ಇಲ್ಲ! ರತ್ನ ಸಿಕ್ಕಮಾತ್ರಕ್ಕೆ ಒಡವೆ ಆಗುವುದಿಲ್ಲ. ಕೂರಿಸಲು ಅಕ್ಕಸಾಲಿ ಬೇಕು.

ತಿದ್ದುವ ಕೈ ಬೇಕು

ಆ ಅಕ್ಕಸಾಲಿ ಗ್ರೀನ್ ಬೇಗೆ 1959ರಲ್ಲಿ ಬಂದ. ಹೆಸರು ವಿನ್ಸ್ ಲೊಂಬಾರ್ಡಿ. ಅವನು ಬರುವ ಹಿಂದಿನ ವರ್ಷ ತಂಡ ಗೆದ್ದದ್ದು ಒಂದೇ ಆಟ, ಸೋತದ್ದು ಹತ್ತು! ಹಾಗೆಂದು ಮನೆಯಲ್ಲಿ ಆಳುಗಳಿರಲಿಲ್ಲವೇ? ಇದ್ದರು. 1957ರಲ್ಲಿ ಚೀಟಿ ಎತ್ತಿ ಕೊಡುತ್ತಿದ್ದ ಮೊಟ್ಟಮೊದಲ ಆಯ್ಕೆ ಪ್ಯಾಕರ್ಸ್‌ಗೆ ಒಲಿದು ಪಾಲ್ ಹಾರ್ನಂಗ್ ಬಂದಿದ್ದ. ಎರಡು ವರ್ಷ ಅವನನ್ನು ಎಲ್ಲಿ ಆಡಿಸಬೇಕೆಂದು ಯಾರಿಗೂ ತಿಳಿಯದೆ ಅಲ್ಲಿಂದಿಲ್ಲಿಗೆ ಎಳೆದಾಡಿದ್ದರು. ಲೊಂಬಾರ್ಡಿ ಬಂದು ಒಂದು ಜಾಗ ಗೊತ್ತುಮಾಡಿ ಇಲ್ಲಿ ನಿಲ್ಲು ಅಂದ. 1960ರಲ್ಲಿ ಹಾರ್ನಂಗ್ ಒಬ್ಬನೇ 176 ಅಂಕ ಗಳಿಸಿದ. ಆ ದಾಖಲೆ ಮುರಿಯಲು 2006ರವರೆಗೆ ಕಾಯಬೇಕಾಯಿತು.

1961ರಲ್ಲಿ ಮೊದಲ ಸುತ್ತಿನಲ್ಲಿ ಬಂದ ಹರ್ಬ್ ಆ್ಯಡರ್ಲಿ ಚೆಂಡು ಹಿಡಿದು ಓಡುವ ಹುಡುಗ. ಅವನನ್ನು ಎದುರಾಳಿಯ ಚೆಂಡು ತಡೆಯುವ ಕಾವಲಿಗೆ ಹಚ್ಚಿದರು. ಅಲ್ಲೇ ಅವನು ಕೀರ್ತಿಮಂದಿರ ಸೇರುವಷ್ಟು ಬೆಳೆದ. ಇನ್ನು ಆ ತಂಡದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್? 1956ರಲ್ಲಿ 17ನೆಯ ಸುತ್ತಿನಲ್ಲಿ, ಒಟ್ಟು 200ನೆಯವನಾಗಿ ಬಂದವನು! 1961ರಿಂದ 1967ರೊಳಗೆ ಐದು ಚಾಂಪಿಯನ್‌ಷಿಪ್. ಮೊದಲ ಎರಡು ಸೂಪರ್ ಬೌಲ್‌ಗಳಲ್ಲೂ ಶ್ರೇಷ್ಠ ಆಟಗಾರ ಅದೇ 200ನೆಯವನು. ಬೆಳೆಯುವ ಪೈರು ಮೊಳಕೆಯಲ್ಲೇ ಕಾಣುತ್ತದೆ ಎನ್ನುತ್ತಾರೆ. ನೋಡುವ ಕಣ್ಣಿರಬೇಕು, ನೀರೆರೆಯುವ ಕೈಯೂ ಇರಬೇಕು.

ನಾನು ಪ್ರೆಸ್ ನಡೆಸುವವನು, ಪಿ.ಯು.ಸಿ.ವರೆಗೆ ಓದಿದವನು. ಕೆಲಸ ಕಲಿಯಲು ಬಂದ ಹುಡುಗನ ಕೈಗೆ ಮೊದಲ ವಾರವೇ ನಾಲ್ಕು ಬಣ್ಣದ ಲಗ್ನಪತ್ರಿಕೆ ಕೊಟ್ಟರೆ ಏನಾದೀತು? ಕಾಗದವೂ ಹಾಳು, ಶಾಯಿಯೂ ಹಾಳು, ಹುಡುಗನ ಧೈರ್ಯವೂ ಹಾಳು. ಮೊದಲು ಕಾಗದ ಎಣಿಸಲಿ, ಮಡಚಲಿ, ಮೆಷಿನ್ ಒರೆಸಲಿ, ಪಕ್ಕದಲ್ಲಿ ನಿಂತು ಹಿರಿಯನ ಕೈಚಳಕ ನೋಡಲಿ. ಗ್ರೀನ್ ಬೇ ಊರಿನವರು ಇದನ್ನೇ ಮಾಡಿ ಜಗತ್ತಿಗೆ ತೋರಿಸಿದರು.

2005. ಆರನ್ ರಾಡ್ಜರ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಮೊದಲನೆಯವನಾಗಿ ಹೋಗಬಹುದು ಎಂದು ಎಲ್ಲರ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಅಲೆಕ್ಸ್ ಸ್ಮಿತ್‌ನನ್ನು ಆರಿಸಿತು. ರಾಡ್ಜರ್ಸ್ ಟಿ.ವಿ. ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕೂತ. ತಂಡದ ಮೇಲೆ ತಂಡ ಅವನನ್ನು ದಾಟಿ ಹೋದವು. ಕೊನೆಗೆ 24ನೆಯವನಾಗಿ ಪ್ಯಾಕರ್ಸ್ ಕರೆಯಿತು. ಆಗ ಅಲ್ಲಿ ಬ್ರೆಟ್ ಫಾರ್ವ್ ಎಂಬ ಮಹಾರಥಿ ಇದ್ದ. ಈ ಹುಡುಗ ಮೂರು ವರ್ಷ ಬೆಂಚಿನ ಮೇಲೆ ಕೂತು ಕಲಿತ. 2008ರಲ್ಲಿ ಹೊಣೆ ಹೊತ್ತ. 2011ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ. ನಾಲ್ಕು ಸಲ ಇಡೀ ಲೀಗಿನ ಶ್ರೇಷ್ಠ ಆಟಗಾರನಾದ. 2020ರಲ್ಲಿ ಜೋರ್ಡನ್ ಲವ್ 26ನೆಯವನಾಗಿ ಬಂದಾಗ ರಾಡ್ಜರ್ಸ್ ಇನ್ನೂ ಆಡುತ್ತಿರುವಾಗ ಇವನೇಕೆ ಎಂದು ಊರೆಲ್ಲ ಕೂಗಾಡಿತು. ಲವ್ ಕೂಡ ಮೂರು ವರ್ಷ ಕಾದು 2023ರಲ್ಲಿ ಆ ಜಾಗಕ್ಕೆ ಬಂದ. 1992ರಿಂದ 30 ವರ್ಷಕ್ಕೂ ಮಿಕ್ಕಿ ಮೂವರೇ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಳು! ತಾಳಿದವನು ಬಾಳಿಯಾನು ಎಂದರೆ ಇದೇ ಅಲ್ಲವೇ?

ಆತುರದ ವ್ಯಾಪಾರ

ಈಗ ನನ್ನ ತಕರಾರಿಗೆ ಬರುತ್ತೇನೆ. ಮೊದಲ ಸುತ್ತಿನ ಸರದಿಯನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಸಿದ್ಧ ಆಟಗಾರನನ್ನು ತರಬಹುದು. 1974ರಲ್ಲಿ ತರಬೇತುದಾರ ಡ್ಯಾನ್ ಡಿವೈನ್ ಇದನ್ನೇ ಮಾಡಿದ. ಜಾನ್ ಹ್ಯಾಡ್ಲ್ ಎಂಬ 34 ವರ್ಷದ ಕ್ವಾರ್ಟರ್‌ಬ್ಯಾಕ್‌ಗಾಗಿ ಲಾಸ್ ಏಂಜಲಿಸ್‌ಗೆ ಎರಡು ಮೊದಲ ಸುತ್ತು, ಎರಡು ಎರಡನೆಯ ಸುತ್ತು, ಒಂದು ಮೂರನೆಯ ಸುತ್ತಿನ ಸರದಿ ಧಾರೆ ಎರೆದ. ಐದು ಹುಡುಗರ ಭವಿಷ್ಯಕ್ಕೆ ಒಬ್ಬ ಇಳಿವಯಸ್ಸಿನ ಆಟಗಾರ! ಆ ವರ್ಷವೇ ಡಿವೈನ್ ಊರು ಬಿಟ್ಟ. ಬರಿದಾದ ಕಣಜವನ್ನು ವಹಿಸಿಕೊಂಡವನು ಯಾರು ಗೊತ್ತೇ? ತರಬೇತುದಾರನಾಗಿ ಮರಳಿ ಬಂದ ಅದೇ ಬಾರ್ಟ್ ಸ್ಟಾರ್. ಸಾಲ ಮಾಡಿದವನು ಒಬ್ಬ, ತೀರಿಸಿದವನು ಇನ್ನೊಬ್ಬ.

2025ರ ಏಪ್ರಿಲ್‌ನಲ್ಲಿ ಡ್ರಾಫ್ಟ್ ಗ್ರೀನ್ ಬೇ ಊರಿನಲ್ಲೇ ನಡೆಯಿತು. ಮನೆಯಂಗಳದ ಜನಸಾಗರದ ಮುಂದೆ ಪ್ಯಾಕರ್ಸ್ 23ನೆಯವನಾಗಿ ಮ್ಯಾಥ್ಯೂ ಗೋಲ್ಡನ್‌ನನ್ನು ಆರಿಸಿದಾಗ ಮುಗಿಲು ಮುಟ್ಟುವ ಕೂಗು. ನಾಲ್ಕು ತಿಂಗಳಷ್ಟೇ ಕಳೆದಿತ್ತು, ಆಗಸ್ಟ್ ಕೊನೆಯಲ್ಲಿ ಅದೇ ತಂಡ 2026 ಮತ್ತು 2027ರ ಮೊದಲ ಸುತ್ತಿನ ಎರಡೂ ಸರದಿಗಳನ್ನು, ಜೊತೆಗೆ 2016ರಲ್ಲಿ ಮೊದಲ ಸುತ್ತಿನಲ್ಲಿ ಬಂದು ಬೆವರು ಸುರಿಸಿದ ಕೆನಿ ಕ್ಲಾರ್ಕ್‌ನನ್ನು ಡಲ್ಲಾಸ್‌ಗೆ ಕೊಟ್ಟು ಮೈಕಾ ಪಾರ್ಸನ್ಸ್‌ನನ್ನು ತಂದಿತು. ಸಂಬಳ ವರ್ಷಕ್ಕೆ ಸರಾಸರಿ 4 ಕೋಟಿ 70 ಲಕ್ಷ ಡಾಲರ್!

ಪಾರ್ಸನ್ಸ್ ಹ್ಯಾಡ್ಲ್‌ನಂಥವನಲ್ಲ, ಒಪ್ಪುತ್ತೇನೆ. ಆಗ ಅವನಿಗೆ 26 ವರ್ಷ. ಎದುರಾಳಿಗಳ ಎದೆ ನಡುಗಿಸುವ ಆಟಗಾರ. ಫಾರ್ವ್‌ನನ್ನು ತಂದದ್ದೂ ಮೊದಲ ಸುತ್ತಿನ ಸರದಿ ಕೊಟ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. 1992ರಲ್ಲಿ ಅಟ್ಲಾಂಟಾಗೆ ಒಂದು ಸರದಿ ಕೊಟ್ಟು ತಂದರು. ಆದರೆ ಆಗ ಫಾರ್ವ್ ಅಟ್ಲಾಂಟಾದಲ್ಲಿ ಮೂಲೆ ಸೇರಿದ್ದ 22 ವರ್ಷದ ಹುಡುಗ. ಅದು ಸಸಿ ಕೊಟ್ಟು ಸಸಿ ತಂದ ವ್ಯಾಪಾರ. ಮರ ಮಾಡಿದವರು ಗ್ರೀನ್ ಬೇಯವರು. ಬೀಜ ಕೊಟ್ಟು ಬೇರೆಯವರ ತೋಟದ ಫಲ ತರುವುದು ಬೇರೆ. ಮಹಾನಗರದ ತಂಡ ಸೋತರೂ ಹೊಸ ಕುಳ ಬಂದು ಹಣ ಸುರಿಯುತ್ತಾನೆ. ಚಿಕ್ಕ ಊರಿಗೆ ಇರುವ ಬಂಡವಾಳ ಒಂದೇ, ತಾಳ್ಮೆ. ಅದನ್ನೇ ಅಡವಿಟ್ಟರೆ ಉಳಿಯುವುದೇನು?

ಹುಡುಗನ ಮಾತು ಕೇಳುವವರಾರು?

ಈ ಪದ್ಧತಿಗೆ ಇನ್ನೊಂದು ಮುಖವಿದೆ, ಮುಚ್ಚಿಡಬಾರದು. ಯಾವ ಊರಿಗೆ ಹೋಗಬೇಕೆಂದು ಆಟಗಾರನನ್ನು ಯಾರೂ ಕೇಳುವುದಿಲ್ಲ. 1980ರಲ್ಲಿ ನಾಲ್ಕನೆಯವನಾಗಿ ಪ್ಯಾಕರ್ಸ್ ಆರಿಸಿದ ಬ್ರೂಸ್ ಕ್ಲಾರ್ಕ್ ಬರುವುದಿಲ್ಲ ಎಂದು ಹೇಳಿ ಕೆನಡಾಕ್ಕೆ ಹೋದ. 1968ರಲ್ಲಿ ವಾಷಿಂಗ್ಟನ್ ಆರಿಸಿದ್ದ ಜೇಮ್ಸ್ ಸ್ಮಿತ್‌ಗೆ ಕುತ್ತಿಗೆಗೆ ಪೆಟ್ಟಾಗಿ ಒಂದೇ ವರ್ಷಕ್ಕೆ ಆಟ ಮುಗಿಯಿತು. ನನ್ನ ಬೆಲೆ ಕೇಳುವ ಹಕ್ಕು ನನಗೆ ಇರಲಿಲ್ಲ ಎಂದು ಅವನು ಕೋರ್ಟಿಗೆ ಹೋದ. ಆಗಿನ ಪದ್ಧತಿ ಕಾನೂನಿಗೆ ವಿರುದ್ಧ ಎಂದು 1976ರಲ್ಲಿ ತೀರ್ಪಾಯಿತು. 1977ರಲ್ಲಿ ಆಟಗಾರರ ಸಂಘವೇ ಮಾತುಕತೆ ನಡೆಸಿ ಒಪ್ಪಿದ್ದರಿಂದ ಡ್ರಾಫ್ಟ್ ಉಳಿಯಿತು. ಅಂದರೆ ಊರಿನ ನ್ಯಾಯಕ್ಕಾಗಿ ಹುಡುಗ ತನ್ನ ಹಕ್ಕಿನ ಒಂದು ಪಾಲು ಬಿಟ್ಟುಕೊಟ್ಟಿದ್ದಾನೆ. ಹಾಗೆ ಬಿಟ್ಟುಕೊಟ್ಟವನಿಗೆ ಊರು ಕೊಡಬೇಕಾದದ್ದೇನು? ಕಲಿಯಲು ಸಮಯ, ಕಲಿಸುವ ಗುರು. ಅದನ್ನೂ ಕೊಡದಿದ್ದರೆ ಡ್ರಾಫ್ಟ್ ಎಂಬುದು ಬರೀ ದನದ ಜಾತ್ರೆ!

ನಮ್ಮಲ್ಲೂ ಇದರ ಒಂದು ಎಳೆ ಇದೆ. 2008ರಲ್ಲಿ ಐ.ಪಿ.ಎಲ್. ಶುರುವಾದಾಗ 19 ವರ್ಷದೊಳಗಿನ ಹುಡುಗರನ್ನು ಹರಾಜಿಗೆ ಹಾಕದೆ ಸರದಿ ಪ್ರಕಾರ ಆರಿಸಿದರು. ದೆಹಲಿ ತಂಡ ತನ್ನ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತು. ಕೊಹ್ಲಿ ಬೆಂಗಳೂರು ತಂಡಕ್ಕೆ ಬಂದ. ಮೊದಲ ವರ್ಷಗಳಲ್ಲಿ ಅವನ ಬ್ಯಾಟು ಅಷ್ಟೇನೂ ಸದ್ದು ಮಾಡಲಿಲ್ಲ. ಬೆಂಗಳೂರು ಕೈಬಿಡಲಿಲ್ಲ. ಕಪ್ ಬಂದದ್ದು 2025ರಲ್ಲಿ, 18ನೆಯ ಸಲಕ್ಕೆ.

ಬಂಧುಗಳೇ, ಮೊದಲ ಸುತ್ತಿನ ಪಟ್ಟಿ ಎಂದರೆ ಬಿತ್ತನೆಯ ಲೆಕ್ಕದ ಪುಸ್ತಕ. ಅದರಲ್ಲಿ ಮ್ಯಾಂಡರಿಚ್ ಇದ್ದಾನೆ, ರಾಡ್ಜರ್ಸ್ ಇದ್ದಾನೆ. ಜೊಳ್ಳು ಬಂದ ವರ್ಷಕ್ಕೆ ಹೆದರಿ ಬಿತ್ತುವುದನ್ನೇ ಬಿಟ್ಟ ರೈತ ಉಂಟೇ? ಗ್ರೀನ್ ಬೇ ತಂಡದ 5 ಲಕ್ಷ ಷೇರುದಾರರು ತಮ್ಮ ಮಂಡಳಿಯವರನ್ನು ಕೇಳಬೇಕಾದ ಪ್ರಶ್ನೆ ಯಾವ ತಾರೆ ತಂದಿರಿ ಎಂಬುದಲ್ಲ. ಮುಂದಿನ ಬಿತ್ತನೆಗೆ ಬೀಜ ಉಳಿಸಿದ್ದೀರಾ ಎಂಬುದು. ಹಬ್ಬ ಒಂದು ದಿನದ್ದು, ಹೊಟ್ಟೆ ವರ್ಷವಿಡೀ ಇರುವಂಥದ್ದು!