ಹಣ ಕಳೆದುಕೊಂಡವನು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಗಣಿತಕ್ಕಿಂತ ಇಂಗ್ಲಿಷಿಗೆ ಹೆಚ್ಚು ಅಂಜುವ ಮಕ್ಕಳಿಗೆ ಕೊರತೆಯಿಲ್ಲ. ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಕಲಿಸುವ ಕ್ರಮ 2007ರಲ್ಲಿ ಮೊದಲಾಯಿತು. ಹೀಗೆ ಹತ್ತು ವರ್ಷ ಕಲಿತ ಹುಡುಗನು ಎಸ್.ಎಸ್.ಎಲ್.ಸಿ. ಪ್ರಶ್ನಪತ್ರಿಕೆಯಲ್ಲಿ ಹಿಂದೆಂದೂ ಓದದ ಗದ್ಯಭಾಗವನ್ನು ಕಂಡೊಡನೆ ಕಂಗೆಡುವುದೇಕೆ? ಪದಸಂಪತ್ತು ಸಾಲದೆಂದು ಹಲವರು ಹೇಳುವರು. ಅದು ಅರ್ಧ ಸತ್ಯ.

‘ದಿ ಮ್ಯಾನ್ ಹೂ ಬಾಟ್ ಟೊಬ್ಯಾಕೋ ಫ್ರಮ್ ದಿ ಫಾರ್ಮರ್ ಲಾಸ್ಟ್ ಹಿಸ್ ಮನಿ’ ಎಂಬ ವಾಕ್ಯವಿದೆಯೆನ್ನಿ. ಹೊಗೆಸೊಪ್ಪಿನ ಸೀಮೆಯ ಹುಡುಗನಿಗೆ ಇದರಲ್ಲಿ ತಿಳಿಯದ ಪದ ಒಂದೂ ಇಲ್ಲ. ಆದರೂ ಹಣ ಕಳೆದುಕೊಂಡವನು ಯಾರೆಂದು ಕೇಳಿದರೆ ‘ಫಾರ್ಮರ್’ ಎಂದು ಬರೆದುಬಿಡುವ ಸಂಭವವೇ ಹೆಚ್ಚು. (ಹರಾಜು ಕಟ್ಟೆಯ ಅನುಭವವೂ ಅವನ ಮನೆಯವರಿಗೆ ಅದನ್ನೇ ಕಲಿಸಿರಬಹುದು!) ‘ಫಾರ್ಮರ್’, ‘ಲಾಸ್ಟ್’ ಎರಡೂ ಒತ್ತಿಗೆ ನಿಂತಿರುವುದೇ ಅವನನ್ನು ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ‘ರೈತನಿಂದ ಹೊಗೆಸೊಪ್ಪು ಕೊಂಡ ಮನುಷ್ಯ’ ಎಂದಾಗ ವರ್ಣನೆಯೆಲ್ಲ ಮೊದಲು ಬಂದು, ಮನುಷ್ಯ ಕಡೆಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು. ವರ್ಣನೆ ಅವನ ಬೆನ್ನಿಗೆ. ಸಾಲದುದಕ್ಕೆ ‘ಹೂ’ ಎಂದರೆ ‘ಯಾರು’ ಎಂದಷ್ಟೇ ಬಾಯಿಪಾಠ ಮಾಡಿದವನು ನಡುವೆ ಪ್ರಶ್ನೆಯೊಂದು ನುಸುಳಿತೆಂದು ಬಗೆಯುತ್ತಾನೆ.

ಈ ಕಷ್ಟ ಕನ್ನಡದ ಮಕ್ಕಳದೊಂದೇ ಅಲ್ಲ. ಚೀನೀ ಭಾಷೆಯಲ್ಲಿಯೂ ವರ್ಣನೆ ನಾಮಪದದ ಮುಂದೆಯೇ ಬರುವುದರಿಂದ, ಗಾವೊಕಾವೊ ಪರೀಕ್ಷೆಗೆ ಕೂರುವ ಅಲ್ಲಿನ ವಿದ್ಯಾರ್ಥಿಗಳೂ ಇಂತಹ ವಾಕ್ಯಗಳಲ್ಲಿ ಎಡವುವುದುಂಟು. ಪಿರಿಯಾಪಟ್ಟಣದ ಬೈಲುಕುಪ್ಪೆಯ ಟಿಬೆಟನ್ ಮಕ್ಕಳ ಮನೆಮಾತಿನಲ್ಲಿ, ಕನ್ನಡದಂತೆಯೇ, ಕ್ರಿಯಾಪದ ವಾಕ್ಯದ ತುದಿಗೆ ನಿಲ್ಲುತ್ತದೆ. ಕೋಟೆಯ ಹಾಡಿಗಳ ಜೇನುಕುರುಬ ಮಕ್ಕಳಿಗಂತೂ ಮನೆಯ ನುಡಿ ಒಂದು, ಶಾಲೆಯ ಕನ್ನಡ ಇನ್ನೊಂದು, ಇಂಗ್ಲಿಷು ಮೂರನೆಯದು.

ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕಿ, ಆ ಸಾಲನ್ನು ಇಡಿಯಾಗಿ ಎತ್ತಿ ಬರೆಯುವ ಉಪಾಯವನ್ನು ಗೈಡುಗಳೂ ಕೆಲವು ಉಪಾಧ್ಯಾಯರೂ ಹೇಳಿಕೊಡುತ್ತಾರೆ. ಅಂಕ ಬರುವುದೂ ಸುಳ್ಳಲ್ಲ. ಆದರೆ ಹೀಗೆ ತೇರ್ಗಡೆಯಾಗಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದವನ ಕೈಗೆ ಇಂಗ್ಲಿಷಿನ ಭೌತಶಾಸ್ತ್ರ ಬಂದಾಗ ಎತ್ತಿ ಬರೆಯುವುದೇನನ್ನು? ಬುದ್ಧಿಯಿದ್ದೂ ವಿಜ್ಞಾನವನ್ನು ಕೈಬಿಡುವವರಲ್ಲಿ ಎಷ್ಟೋ ಮಂದಿ ಸೋತದ್ದು ಭೌತಶಾಸ್ತ್ರಕ್ಕಲ್ಲ, ಅದರ ವಾಕ್ಯಗಳಿಗೆ. 2024ರಲ್ಲಿ ಎಸ್.ಎಸ್.ಎಲ್.ಸಿ.ಯನ್ನು ವರ್ಷಕ್ಕೆ ಮೂರು ಸಲ ಬರೆಯುವ ಅವಕಾಶವಿತ್ತು. ಓದುವ ಬಗೆ ಬದಲಾಗದಿದ್ದರೆ ಮೂರನೆಯ ಸಲವೂ ಫಾರ್ಮರನೇ ಹಣ ಕಳೆದುಕೊಳ್ಳುವನು.

ಮಾಡಬೇಕಾದುದು ಸರಳ. ವಾಕ್ಯದ ಕ್ರಿಯಾಪದಗಳಿಗೆಲ್ಲ ಮೊದಲು ಗೆರೆ ಎಳೆಯಬೇಕು. ‘ಹೂ’, ‘ವಿಚ್’ ನಡುವೆ ಬಂದು ಪ್ರಶ್ನಾರ್ಥಕ ಚಿಹ್ನೆಯಿಲ್ಲದಿದ್ದರೆ ಅದು ಹಿಂದಿನ ನಾಮಪದಕ್ಕೆ ಸೇರಿದ್ದೆಂದು ತಿಳಿದು, ಆ ಭಾಗಕ್ಕೆ ಆವರಣ ಹಾಕಬೇಕು. ಆವರಣದ ಹೊರಗೆ ಉಳಿಯುವುದು ‘ದಿ ಮ್ಯಾನ್ ಲಾಸ್ಟ್ ಹಿಸ್ ಮನಿ’. ಆಮೇಲೆ ಇಡೀ ವಾಕ್ಯವನ್ನು ಊರ ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಕನ್ನಡವಾಡಿದರೆ ಇಂಗ್ಲಿಷು ಕೆಡುವುದೆಂಬುದು ಕೆಲವರ ಶಂಕೆ. ಅರ್ಥವಾಯಿತೇ ಇಲ್ಲವೇ ಎಂದು ತಿಳಿಯಲು ಬೇರೆ ಒರೆಗಲ್ಲು ಹಳ್ಳಿಯ ಶಾಲೆಯಲ್ಲಿ ಎಲ್ಲಿದೆ?

ಇದರ ಜೊತೆಗೆ ಸುಲಭವಾದ ಕಥೆಗಳನ್ನು ಹೇರಳವಾಗಿ ಓದಬೇಕು. ಢಾಕಾದಲ್ಲಿ ಬಂಗಾಳಿ ಮಕ್ಕಳನ್ನು ಕಂಡಿದ್ದ ಮೈಕೇಲ್ ವೆಸ್ಟ್ ಅವರು ಮಾತಿಗಿಂತ ಮೊದಲು ಓದು ಬರಲೆಂದು 1926ರಷ್ಟು ಹಿಂದೆಯೇ ವಾದಿಸಿ, ಮಿತವಾದ ಪದಗಳ ವಾಚಕಗಳನ್ನು ರಚಿಸಿದರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿರುವುದು ಸುಮಾರು 2,000 ಪದಗಳು. ‘ಅನ್‌ಲೆಸ್’ನಂತಹ ಚಿಕ್ಕ ಪದಗಳಿಗೆ ಮಾತ್ರ ವಿಶೇಷ ಎಚ್ಚರ ಬೇಕು: ಅದರ ಹೊಟ್ಟೆಯಲ್ಲಿ ‘ಇಲ್ಲ’ ಅಡಗಿದೆ. ‘ಅನ್‌ಲೆಸ್ ಇಟ್ ರೇನ್ಸ್’ ಎಂದರೆ ಮಳೆ ಬಾರದಿದ್ದರೆ ಎಂದರ್ಥ, ಬಂದರೆ ಎಂದಲ್ಲ.